ಕೊಳೆಯಲ್ಲ ತಮಾ, ಕೋಲೆ ಬಸವ!

ಹೋದ ಮಳೆಗಾಲದ ಒಂದು ಸಂಜೆ. ಏಳನೇ ತರಗತಿ ಓದುವ ನಮ್ಮ ಮೊಮ್ಮಗ ಶಾಲೆಯಿಂದ ಬಂದವನೇ ಕೊಡೆಯನ್ನು ಜಗಲಿಯ ಮೂಲೆಗೆ ಎಸೆದ. ಬೆನ್ನಿನ ಚೀಲವನ್ನೂ ಇಳಿಸದೆ ಬಚ್ಚಲಿಗೆ ಹೋಗಿ ಮುಖಕ್ಕೆ ಸೋಪು ಹಚ್ಚಿ ತಿಕ್ಕಿಕೊಳ್ಳತೊಡಗಿದ. ಕರೆದರೂ ಬಾರದ ಹುಡುಗ ತಾನಾಗಿ ಮುಖ ತೊಳೆಯುತ್ತಾನೆಂದರೆ ಏನೋ ನಡೆದಿದೆ ಎಂದೇ ಅರ್ಥ.

"ಎಂತ ಆತೋ ತಮಾ?" ಎಂದೆ.

"ಅಜ್ಜಾ, ನಾನು ಅಷ್ಟು ಕೊಳಕಾಗಿದ್ದೇನಾ?"

"ಯಾರು ಹೇಳಿದ್ದು ಹಾಗೆ?"

"ನನ್ನ ದೋಸ್ತ. ಎಲ್ಲರ ಎದುರಿಗೆ ಕೊಳೆ ಬಸವ ಅಂದ."

ನನಗೆ ನಗು ತಡೆಯಲಿಲ್ಲ. ನಮ್ಮ ಶಿರಸಿ ಸೀಮೆಯ ಮಕ್ಕಳಿಗೆ ಕೊಳೆ ಅಂದರೆ ಚೆನ್ನಾಗಿ ಗೊತ್ತು. ಮೈಮೇಲಿನದೂ ಕೊಳೆಯೇ, ಮಳೆಗಾಲದಲ್ಲಿ ಅಡಿಕೆಗೆ ಬರುವ ರೋಗವೂ ಕೊಳೆಯೇ. ಕೋಲೆ ಬಸವನನ್ನು ಮಾತ್ರ ಅವರು ಕಂಡಿಲ್ಲ. "ಕೊಳೆಯಲ್ಲ ತಮಾ, ಕೋಲೆ. ಅದು ಬೇರೆಯೇ ಮಾತು" ಎಂದು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮೊದಲು ನಡೆದದ್ದೇನು ಎಂದು ಕೇಳಿದೆ.

ಇವನು ನಕಾಶೆ ಚೆನ್ನಾಗಿ ಬರೆಯುತ್ತಾನೆ. ಸಮಾಜ ವಿಜ್ಞಾನದ ಮೇಷ್ಟ್ರು ಕರ್ನಾಟಕದ ನಕಾಶೆ ಬರೆದು ನದಿಗಳನ್ನು ಗುರುತಿಸಿ ತರಲು ಹೇಳಿದ್ದರಂತೆ. "ನನಗೂ ಒಂದು ಬರೆದುಕೊಡು" ಎಂದು ಒಬ್ಬ ಕೇಳಿದ. ಇವನು ಹೂಂ ಎಂದ. ಹಾಗೆಯೇ ಐದು ಜನರಿಗೆ ಹೂಂ ಎಂದ. ಎರಡು ರಾತ್ರಿ ಹತ್ತು ಗಂಟೆಯ ತನಕ ಕೂತು ಐದು ನಕಾಶೆ ಮುಗಿಸಿದ. ಆದರೆ ತನ್ನದೇ ನಕಾಶೆಯಲ್ಲಿ ಕಾಳಿ ನದಿ ಅರ್ಧಕ್ಕೇ ನಿಂತಿತ್ತು. ಬೈಸಿಕೊಂಡದ್ದು ಇವನೊಬ್ಬನೇ. ಅದೇ ದಿನ ಆರನೆಯವನು ಬಂದು ಭಾರತದ ನಕಾಶೆ ಕೇಳಿದಾಗ ಇವನ ತಲೆ ಮತ್ತೆ ಆಡಿತು. ಆಗ ಪಕ್ಕದಲ್ಲಿದ್ದ ದೋಸ್ತನಿಗೆ ಸಿಟ್ಟು ಬಂತು. "ನೀನೊಬ್ಬ ಕೋಲೆ ಬಸವ!" ಅಂದ. ಆ ಸಿಟ್ಟು ಇವನ ಮೇಲಿನ ಪ್ರೀತಿಯಿಂದ ಬಂದದ್ದು ಎಂದು ನನಗನ್ನಿಸಿತು. ಆದರೆ ಹನ್ನೆರಡು ವರ್ಷದ ಹುಡುಗನಿಗೆ ಅದು ತಿಳಿಯುವುದು ಹೇಗೆ?

ತಲೆಯಾಡಿಸುವ ಬಸವ

ನನ್ನ ಬಾಲ್ಯ ಕಳೆದದ್ದು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಸುಗ್ಗಿ ಮುಗಿದ ಮೇಲೆ ಸಾಗರ, ಸೊರಬದ ಕಡೆಯಿಂದ ಕೋಲೆ ಬಸವನನ್ನು ಆಡಿಸುವವರು ಬರುತ್ತಿದ್ದರು. ದೂರದಲ್ಲಿ ಡೋಲಿನ ಸದ್ದು ಕೇಳಿದರೆ ಸಾಕು, ನಾವು ಮಕ್ಕಳು ಉಣ್ಣುವ ಬಾಳೆಲೆ ಬಿಟ್ಟು ಅಂಗಳಕ್ಕೆ ಓಡುತ್ತಿದ್ದೆವು. ಬಸವನ ಬೆನ್ನ ಮೇಲೆ ಬಣ್ಣಬಣ್ಣದ ಬಟ್ಟೆ, ಕೊಂಬಿಗೆ ಗೊಂಡೆ, ಕೊರಳಿಗೆ ಗಂಟೆ ಮತ್ತು ಕವಡೆಯ ಸರ. ಕೆಲವು ಸಲ ಜೊತೆಗೊಂದು ಹಸುವೂ ಇರುತ್ತಿತ್ತು. ಬಸವನಿಗೆ ರಾಮ, ಹಸುವಿಗೆ ಸೀತೆ ಎಂದು ಹೆಸರಿಟ್ಟು ಇಬ್ಬರಿಗೂ ಜಗಳ ಹಚ್ಚಿ, ರಾಜಿ ಮಾಡಿಸಿ, ಮದುವೆಯ ಆಟ ಆಡಿಸುತ್ತಿದ್ದರು.

"ಬಸವಣ್ಣಾ, ಈ ಮನೆ ಅಮ್ಮನವರಿಗೆ ಒಳ್ಳೆಯದಾಗ್ತದಾ?" ಎಂದು ಕೇಳಿದರೆ ಬಸವ ಹೌದೆಂದು ತಲೆಯಾಡಿಸುತ್ತಿತ್ತು. "ಸೀರೆ ಕೊಡ್ತಾರಾ?" ಎಂದರೂ ಹೌದು. "ಅಕ್ಕಿ ಕೊಡ್ತಾರಾ?" ಅದಕ್ಕೂ ಹೌದು. ಏನು ಕೇಳಿದರೂ ಹೌದು. ಹಾಗಾಗಿಯೇ ಯಾರು ಏನು ಹೇಳಿದರೂ ತಲೆಯಾಡಿಸುವವನಿಗೆ ಕನ್ನಡದಲ್ಲಿ 'ಕೋಲೆ ಬಸವ' ಎಂಬ ಹೆಸರು ಬಂತು. ಕೆಲವು ಕಡೆ 'ಕೌಲೆತ್ತು' ಎಂದೂ ಹೇಳುತ್ತಾರೆ.

ಒಂದು ವರ್ಷ ನಮ್ಮ ಅಜ್ಜಿ ಬಸವನಿಗೆ ಬಾಳೆಹಣ್ಣು ತಿನ್ನಿಸುತ್ತಾ, "ಈ ಸಲ ತೋಟಕ್ಕೆ ಕೊಳೆ ಬರ್ತದೇನೋ ಬಸವಾ?" ಎಂದು ಕೇಳಿದ್ದರು. ಬಸವ ಇಲ್ಲವೆಂದು ತಲೆ ಅಲ್ಲಾಡಿಸಿತು. ಅಜ್ಜಿ ಒಂದು ಸಿದ್ದೆ ಅಕ್ಕಿ ಹೆಚ್ಚಾಗಿಯೇ ಹಾಕಿದರು. ಆ ವರ್ಷ ಆಷಾಢದಲ್ಲಿ ಬಿಡದೆ ಮಳೆ ಹೊಡೆದು ಅಡಿಕೆಗೆ ಕೊಳೆ ಬಂದೇ ಬಂತು. "ಬಸವ ಸುಳ್ಳು ಹೇಳ್ತು" ಎಂದು ನಾನು ಅತ್ತೆ. ಆಗ ಅಜ್ಜಿ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ. "ಬಸವ ಎಂತ ಹೇಳ್ತದೆ ಮಗಾ? ಅವತ್ತು ಹೇಳಿದ್ದು ಹಗ್ಗ."

ನಿಜ. ಬಸವನಿಗೆ ಪ್ರಶ್ನೆ ಅರ್ಥವಾಗುವುದಿಲ್ಲ. ಒಡೆಯನ ದನಿ, ಡೋಲಿನ ಪೆಟ್ಟು, ಮೂಗುದಾರದ ಒಂದು ಸಣ್ಣ ಜಗ್ಗು ಇಷ್ಟನ್ನು ಗುರುತಿಸಿ ತಲೆಯಾಡಿಸಲು ಅದಕ್ಕೆ ಕಲಿಸಿರುತ್ತಾರೆ. ತಲೆ ಬಸವನದು, ಹಗ್ಗ ಇನ್ನೊಬ್ಬನದು.

ಈ ಬಸವ ನಮ್ಮ ರಾಜ್ಯದಲ್ಲಿ ಮಾತ್ರ ತಿರುಗುತ್ತಾನೆ ಎಂದುಕೊಳ್ಳಬೇಡಿ. ಮಹಾರಾಷ್ಟ್ರದಲ್ಲಿ ಅವನು 'ನಂದೀಬೈಲ್', ಆಂಧ್ರ ಮತ್ತು ತೆಲಂಗಾಣದಲ್ಲಿ 'ಗಂಗಿರೆದ್ದು', ತಮಿಳುನಾಡಿನಲ್ಲಿ 'ಬೂಂಬೂಂ ಮಾಡು'. ಅಲ್ಲಿ ಮಾಡು ಅಂದರೆ ಎತ್ತು, ಬೂಂಬೂಂ ಅಂದರೆ ಅದರ ಜೊತೆಗಿನ ವಾದ್ಯದ ಸದ್ದು. ತಮಾಷೆಯೆಂದರೆ ಈ ಮೂರೂ ಭಾಷೆಗಳಲ್ಲಿ, ವಿಚಾರ ಮಾಡದೆ ಹೂಂಗುಟ್ಟುವವನಿಗೆ ಇದೇ ಬಸವನ ಹೋಲಿಕೆ ಕೊಡುತ್ತಾರೆ. ಇಂಗ್ಲಿಷಿನಲ್ಲಿ ಇಂಥವನಿಗೆ 'ಪುಶೋವರ್' ಅನ್ನುತ್ತಾರೆ. ಬೆರಳು ತಾಗಿಸಿದರೆ ಉರುಳಿ ಬೀಳುವವನು ಎಂದು ಭಾವ. ನನಗೆ ನಮ್ಮ ಬಸವನೇ ಹೆಚ್ಚು ಒಪ್ಪಿಗೆ. ಉರುಳಿ ಬೀಳುವವನನ್ನು ಕಂಡರೆ ನಗು ಬರುತ್ತದೆ. ಬಸವನನ್ನು ಕಂಡರೆ ಹಗ್ಗ ಹಿಡಿದ ಕೈ ಯಾರದು ಎಂದು ನೋಡಬೇಕೆನಿಸುತ್ತದೆ.

ಕಿವಿ ಹಿತ್ತಾಳೆಯಾದರೆ

ಸುಲಭವಾಗಿ ಬಗ್ಗುವವರಿಗೆ ನಮ್ಮ ಭಾಷೆಯಲ್ಲಿ ಬೇರೆ ಮಾತುಗಳೂ ಇವೆ. ಆದರೆ ಒಂದೊಂದರ ಅರ್ಥ ಒಂದೊಂದು.

ಯಾರು ಏನು ಚಾಡಿ ಹೇಳಿದರೂ ನಂಬುವವನದು 'ಹಿತ್ತಾಳೆ ಕಿವಿ'. ಮಕ್ಕಳೇ, ಮನೆಯಲ್ಲಿ ಹಿತ್ತಾಳೆ ಚೆಂಬಿದ್ದರೆ ಚಮಚದಿಂದ ಒಮ್ಮೆ ತಟ್ಟಿ ನೋಡಿ. ಸಣ್ಣ ಪೆಟ್ಟಿಗೂ ಠಣ್ ಎಂದು ಎಷ್ಟು ಹೊತ್ತು ಮೊಳಗುತ್ತದೆ! ರಾಮಾಯಣದ ಕೈಕೇಯಿಯ ಕಿವಿ ಮಂಥರೆಯ ಮಾತಿಗೆ ಹೀಗೇ ಮೊಳಗಿತು. ರಾಮನ ಪಟ್ಟಾಭಿಷೇಕದ ಸುದ್ದಿ ಕೇಳಿ ಮೊದಲು ಸಂತೋಷಪಟ್ಟವಳು ಅವಳೇ. ಸ್ವಲ್ಪ ಹೊತ್ತಿನಲ್ಲಿ ಅವನನ್ನು ಕಾಡಿಗೆ ಕಳಿಸೆಂದು ಹಟ ಹಿಡಿದವಳೂ ಅವಳೇ.

'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆ ಮನೆಯೊಳಗೆ ಜಂಬ ಕೊಚ್ಚಿ ಹೊರಗೆ ಹೆದರುವವನಿಗೆ. ಯಕ್ಷಗಾನ ನೋಡುವ ನಮ್ಮ ಕಡೆಯ ಮಕ್ಕಳಿಗೆ ಉತ್ತರಕುಮಾರನ ಪರಿಚಯ ಇದ್ದೇ ಇದೆ. ಅರಮನೆಯ ಹೆಂಗಸರ ಮುಂದೆ ಜಂಬ ಕೊಚ್ಚಿ, ಕೌರವರ ಸೈನ್ಯ ಕಂಡೊಡನೆ ರಥದಿಂದ ಹಾರಿ ಓಡಿದವನು. 'ಬೆಪ್ಪುತಕ್ಕಡಿ' ಎಂದರೆ ಬರೀ ದಡ್ಡ. ನಾನು ಕೆಲಸ ಮಾಡಿದ ಬ್ಯಾಂಕಿನ ಭಾಷೆಯಲ್ಲಿ, ಮೇಲಿನವರು ಹೇಳಿದ್ದಕ್ಕೆಲ್ಲ ಸಹಿ ಹಾಕುವವನು 'ರಬ್ಬರ್ ಸ್ಟಾಂಪ್'.

ಕೋಲೆ ಬಸವ ಇವರಾರೂ ಅಲ್ಲ. ಅವನು ದಡ್ಡನಲ್ಲ, ಹೇಡಿಯೂ ಅಲ್ಲ, ಬಹಳ ಸಲ ಒಳ್ಳೆಯವನೇ. ಅವನ ಮೂಗುದಾರದ ಹೆಸರು ದಾಕ್ಷಿಣ್ಯ. ನಮ್ಮೂರ ತಾಳಮದ್ದಳೆಗಳಲ್ಲಿ ಧರ್ಮರಾಯನ ಪಾತ್ರದ ಬಗ್ಗೆ ಈ ವಾದ ಆಗಾಗ ಏಳುತ್ತಿತ್ತು. ಜೂಜು ಕೆಟ್ಟದ್ದು ಎಂದು ಅವನಿಗೆ ಗೊತ್ತಿತ್ತು. ಆದರೂ ಕರೆದಾಗ ಇಲ್ಲ ಎನ್ನಲಾಗಲಿಲ್ಲ. ಎಲ್ಲವನ್ನೂ ಕಳೆದುಕೊಂಡು, ಹೇಗೋ ಬಿಡುಗಡೆಯಾಗಿ ಹೊರಟವನನ್ನು ಮತ್ತೆ ಕರೆದರು. ಮತ್ತೆ ಹೋದ. ಧರ್ಮರಾಯನಂಥ ಧರ್ಮರಾಯನಿಗೇ ಹೀಗಾಯಿತೆಂದರೆ ನನ್ನಂಥವನ ಪಾಡೇನು!

ಒಂದು ಸಹಿಯ ಬೆಲೆ

ಮೊಮ್ಮಗನಿಗೆ ಅಂದು ಹೇಳದೆ ಉಳಿಸಿಕೊಂಡಿದ್ದ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ನಾನು ಬಿಕಾಂ ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದಾಗ ಮೊದಲು ಕೆಲಸ ಮಾಡಿದ್ದು ಯಲ್ಲಾಪುರದಲ್ಲಿ. ಒಂದು ದಿನ ಹಳ್ಳಿಯಿಂದ ಒಬ್ಬ ಮುದುಕಿ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಂದಿದ್ದಳು. ನಾನು ಮಸಿಯ ಡಬ್ಬಿ ಮುಂದಿಟ್ಟೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಮೊದಲು ಓದಿ ಹೇಳಪ್ಪ. ಕೇಳಿದ ಮೇಲೆ ಒತ್ತುತ್ತೇನೆ" ಎಂದಳು. ಹಿಂದೆ ಸಾಲಿನಲ್ಲಿ ಹತ್ತು ಜನ ನಿಂತಿದ್ದರು. ಗೊಣಗಿದರು. ಅವಳು ಜಗ್ಗಲಿಲ್ಲ. ನಾಲ್ಕು ಪುಟ ಓದಿ, ಬಡ್ಡಿ ಎಷ್ಟು, ಕಂತು ಎಷ್ಟು ಎಂದು ಎರಡು ಸಲ ವಿವರಿಸಿದ ಮೇಲೆಯೇ ಹೆಬ್ಬೆಟ್ಟು ಹೊರಗೆ ಬಂತು. ಅಕ್ಷರ ಬಾರದ ಹೆಂಗಸು.

ಇನ್ನು ಅಕ್ಷರ ಬಲ್ಲವನ ಕಥೆ. 1984ರಲ್ಲಿ ನಾನು ಸಿದ್ದಾಪುರದಲ್ಲಿದ್ದೆ. ಪರಿಚಯದವರೊಬ್ಬರು ಒಂದು ಬೆಳಿಗ್ಗೆ ಹಲಸಿನ ಹಪ್ಪಳದ ಕಟ್ಟಿನೊಂದಿಗೆ ಮನೆಗೆ ಬಂದರು. 20,000 ರೂಪಾಯಿ ಸಾಲ ಮಂಜೂರಾಗಿದೆ, ಜಾಮೀನಿಗೆ ಒಂದು ಸಹಿ ಬೇಕಿತ್ತು, "ನೀವು ಇಲ್ಲ ಅನ್ನೋದಿಲ್ಲ ಅಂತ ನನಗೆ ಗೊತ್ತು" ಎಂದರು. ಆ ಕೊನೆಯ ಮಾತೇ ಹಗ್ಗ. ನನ್ನ ತಲೆ ಆಡಿತು. ಚಾ ತಣಿಯುವುದರೊಳಗೆ ಸಹಿ ಹಾಕಿದೆ.

ಬಿಕಾಂ ಓದುವಾಗ ನಾನು 1872ರ ಭಾರತೀಯ ಕರಾರು ಕಾಯ್ದೆಯನ್ನು ಬಾಯಿಪಾಠ ಮಾಡಿದ್ದವನು. ಅದರ 128ನೇ ಕಲಮು ಏನು ಹೇಳುತ್ತದೆಂದರೆ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಅಂದರೆ ಅವನು ಕೊಡದಿದ್ದರೆ ಇವನು ಕೊಡಬೇಕು, ಪೂರ್ತಿ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡಿದ್ದೆ. ಮನೆಯ ಜಗಲಿಯಲ್ಲಿ ಮರೆತೆ.

ಎರಡು ವರ್ಷ ಕಂತು ಕಟ್ಟಿದವರು ಆಮೇಲೆ ಊರು ಬಿಟ್ಟರು. ನೋಟಿಸು ನನಗೆ ಬಂತು. ಬಡ್ಡಿ ಸೇರಿ 14,400 ರೂಪಾಯಿ. ತಿಂಗಳಿಗೆ 300 ರೂಪಾಯಿಯಂತೆ ನಲವತ್ತೆಂಟು ಕಂತು ನನ್ನ ಸಂಬಳದಿಂದ ಹೋಯಿತು. ನಮ್ಮ ಅಡಿಗೆಮನೆಯ ಮಾಡು ಸೋರುತ್ತಿತ್ತು. ಹೊಸ ಹಂಚು ಹೊದೆಸಲು ಹಣ ಕೂಡಿಡುತ್ತಿದ್ದೆವು. ಅದು ನಿಂತುಹೋಯಿತು. ನಾಲ್ಕು ಮಳೆಗಾಲ ನನ್ನ ಹೆಂಡತಿ ಒಲೆಯ ಪಕ್ಕದಲ್ಲಿ ಹಿತ್ತಾಳೆ ಪಾತ್ರೆಯಿಟ್ಟು ಸೋರುವ ನೀರು ಹಿಡಿದಳು. ರಾತ್ರಿ ಮಲಗಿದರೆ ಅದೊಂದೇ ಸದ್ದು, ಟಣ್, ಟಣ್.

ಅವಳು ಒಂದು ದಿನವೂ ಬೈಯಲಿಲ್ಲ. ಒಮ್ಮೆ ಮಾತ್ರ, ಪಾತ್ರೆ ಚೆಲ್ಲಿ ಬಂದು ಕೈ ಒರೆಸಿಕೊಳ್ಳುತ್ತಾ ಕೇಳಿದಳು: "ಅವತ್ತು ನೀವು ಆಗೋದಿಲ್ಲ ಅಂದಿದ್ರೆ ಅವರು ಎಂತ ಮಾಡ್ತಿದ್ರು?"

ನನ್ನಲ್ಲಿ ಉತ್ತರ ಇರಲಿಲ್ಲ.

ಮೆತ್ತಗಿದ್ದವರೆಲ್ಲ ಸೋಲುವವರಲ್ಲ

ಹಾಗಾದರೆ ಯಾರ ಮಾತನ್ನೂ ಕೇಳದೆ ಹಟ ಹಿಡಿಯಬೇಕೇ? ಮೊಮ್ಮಗನೂ ಅದನ್ನೇ ಕೇಳಿದ. ಅವನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಅಡಿಕೆ ಮರ ತೋರಿಸಿದೆ. ಗಾಳಿ ಬಂದರೆ ಅದರಷ್ಟು ಬಾಗುವ ಮರ ಇನ್ನೊಂದಿಲ್ಲ. ಅದು ಬಾಗುವುದರಿಂದಲೇ ಕೊನೆಗೌಡ ಒಂದು ಮರದ ತಲೆಯಿಂದ ಇನ್ನೊಂದಕ್ಕೆ ದಾಟಿ ಕೊನೆ ಕೊಯ್ಯುತ್ತಾನೆ. ಆದರೆ ಬುಡ ಮಾತ್ರ ಇದ್ದಲ್ಲೇ ಇರುತ್ತದೆ. ಒಳ್ಳೆಯ ಕಾರಣ ಕೇಳಿ ಮನಸ್ಸು ಬದಲಿಸುವುದು ತಪ್ಪಲ್ಲ, ಕಷ್ಟದಲ್ಲಿದ್ದವರಿಗೆ ಹೂಂ ಎನ್ನುವುದೂ ತಪ್ಪಲ್ಲ. ಹೂಂ ಎಂದದ್ದು ನಾನೋ, ಹಗ್ಗವೋ ಎಂದು ನೋಡಿಕೊಂಡರೆ ಸಾಕು.

ನಮ್ಮ ಸೀಮೆಯವರು ಮಾತಿನಲ್ಲಿ ಮೆತ್ತಗೆ. 'ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು' ಎಂದು ಗುದ್ದಲು ಬಂದವರೂ ಇದ್ದಾರೆ. 1930ರ ದಶಕದ ಆರಂಭದಲ್ಲಿ ಶಿರಸಿ, ಸಿದ್ದಾಪುರ ತಾಲೂಕುಗಳ ರೈತರು ಬ್ರಿಟಿಷ್ ಸರ್ಕಾರಕ್ಕೆ ಭೂಕಂದಾಯ ಕೊಡುವುದಿಲ್ಲ ಎಂದು ನಿಂತರು. ಜಮೀನು, ಮನೆಯ ಸಾಮಾನು ಜಪ್ತಿಯಾಗಿ ಹರಾಜಾಯಿತು. ಜೋಗದ ದಾರಿಯಲ್ಲಿರುವ ಮಾವಿನಗುಂಡಿಯಲ್ಲಿ, ಹಾಗೆ ಹರಾಜಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ನಮ್ಮ ಹಳ್ಳಿಗಳ ಹೆಂಗಸರು ಉಪವಾಸ ಕುಳಿತರು. ಕೂಗಾಡಲಿಲ್ಲ, ಕಲ್ಲು ಎಸೆಯಲಿಲ್ಲ, ಏಳಲೂ ಇಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿ ಸುತ್ತಲಿನ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದುಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ತಬ್ಬಿಕೊಂಡರು. ಅದೇ ಅಪ್ಪಿಕೋ ಚಳವಳಿಯ ಆರಂಭ. ತಬ್ಬಿಕೊಳ್ಳುವುದಕ್ಕಿಂತ ಮೆತ್ತಗಿನ ಕೆಲಸ ಯಾವುದಿದೆ? ಆದರೆ ಕೊಡಲಿ ಅಲ್ಲಿಗೇ ನಿಂತಿತು.

ಅಜ್ಜನೇ ಬಸವನಾದ ದಿನ

ಇಷ್ಟೆಲ್ಲ ಬುದ್ಧಿ ಹೇಳಿದ ಅಜ್ಜನ ಗತಿ ಕೇಳಿ. ಈ ಮಾತುಕತೆಯಾಗಿ ಎರಡು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ನನ್ನ ಮೊಬೈಲಿಗೆ ಕರೆ ಬಂತು. ಮುಂಬೈ ಪೊಲೀಸ್ ಅಂತೆ. ನನ್ನ ಹೆಸರಿನಲ್ಲಿ ಹೋಗುತ್ತಿದ್ದ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆಯಂತೆ. ವಿಡಿಯೋ ಕರೆಗೆ ಬನ್ನಿ ಎಂದರು. ಬಂದೆ. ಸಮವಸ್ತ್ರದ ಒಬ್ಬ, ಹಿಂದೆ ಒಂದು ಲಾಂಛನ. "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ. ಬಾಗಿಲು ಹಾಕಿಕೊಳ್ಳಿ. ಮನೆಯವರಿಗೆ ಒಂದು ಮಾತೂ ಹೇಳಬಾರದು."

ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವನು ಎದ್ದು ಬಾಗಿಲು ಹಾಕಿಕೊಂಡೆ! "ಹೌದು ಸಾರ್, ಆಯ್ತು ಸಾರ್" ಎಂದೆ. ಠೇವಣಿ ಎಷ್ಟಿದೆ ಎಂದು ಕೇಳಿದ. ಹೇಳಿದೆ. ಪರಿಶೀಲನೆಗಾಗಿ ಅದನ್ನು ಒಂದು 'ಸರ್ಕಾರಿ ಖಾತೆ'ಗೆ ಹಾಕಬೇಕು, ತನಿಖೆ ಮುಗಿದ ಮೇಲೆ ವಾಪಸ್ಸು ಎಂದ. ಕೈ ನಡುಗುತ್ತಿತ್ತು. ಬ್ಯಾಂಕಿನ ಪುಸ್ತಕ ಹುಡುಕುತ್ತಿದ್ದೆ. ಅಷ್ಟರಲ್ಲಿ ಶಾಲೆ ಬಿಟ್ಟು ಬಂದ ಮೊಮ್ಮಗ ಕಿಟಕಿಯಿಂದ ಇಣುಕಿದ. ನಾನು ಫೋನಿನ ಮುಂದೆ ಕೂತು ತಲೆಯಾಡಿಸುವುದನ್ನು ನೋಡಿ, ಹೊರಗಿನಿಂದಲೇ ಕೂಗಿದ:

"ಅಜ್ಜಾ! ನೀನು ಕೋಲೆ ಬಸವನ ಹಾಗೆ ಮಾಡ್ತಾ ಇದ್ದೀಯಲ್ಲ! ಯಾರು ಅದು?"

ಆ ಮಾತು ಕಿವಿಗೆ ಬಿದ್ದದ್ದೇ ಹಗ್ಗ ಕಣ್ಣಿಗೆ ಕಂಡಿತು. ನಲವತ್ತು ವರ್ಷದ ಹಿಂದಿನ ಹಪ್ಪಳದ ಕಟ್ಟೂ ಕಂಡಿತು. ಎದ್ದು ಬಾಗಿಲು ತೆಗೆದೆ. ಫೋನಿನವನು ಗದರಿದ. "ಆಗೋದಿಲ್ಲ" ಎಂದು ಹೇಳಿ ಕರೆ ಕತ್ತರಿಸಿದೆ. ಅಷ್ಟು ಸಣ್ಣ ಮಾತಿಗೆ ಅಷ್ಟು ಉಸಿರು ಬೇಕಾಯಿತು.

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಯಾವ ಪೊಲೀಸರೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ, ಹಣ ವರ್ಗಾಯಿಸಿ ಎನ್ನುವುದಿಲ್ಲ. 'ಯಾರಿಗೂ ಹೇಳಬೇಡಿ' ಎಂದರೆ ಮೊದಲು ಮನೆಯವರನ್ನು ಕೂಗಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ಕೂಡಲೇ 1930ಕ್ಕೆ ಫೋನು ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಯಾರೇ ಅವಸರ ಮಾಡಿದರೂ ಹೇಳಬಹುದಾದ ಒಂದು ವಾಕ್ಯವನ್ನು ನಾನು ಈಗ ಅಭ್ಯಾಸ ಮಾಡಿಕೊಂಡಿದ್ದೇನೆ: "ಮನೆಯಲ್ಲಿ ಕೇಳಿ ನಾಳೆ ಹೇಳ್ತೇನೆ." ಜಾಮೀನಿಗೂ ಆಗುತ್ತದೆ, ನಕಾಶೆಗೂ ಆಗುತ್ತದೆ.

ಮೊಮ್ಮಗನ ವಿಷಯ ಹೇಳುವುದು ಮರೆತೆ. ಭಾರತದ ನಕಾಶೆ ಕೇಳಿದ್ದ ಹುಡುಗನಿಗೆ ಅವನು ಮರುದಿನ ಹೇಳಿದನಂತೆ: "ಬರೆದುಕೊಡೋದಿಲ್ಲ. ಹೇಗೆ ಬರೆಯೋದು ಅಂತ ತೋರಿಸ್ತೇನೆ, ಕೂತ್ಕೋ." ಆ ಹುಡುಗ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ಪೆನ್ಸಿಲ್ ಹಿಡಿದು ಬಂದ. ಕೋಲೆ ಬಸವ ಅಂದ ದೋಸ್ತನೂ ಈಗ ದಿನಾ ನಮ್ಮ ಮನೆಗೆ ಬರುತ್ತಾನೆ.

ಆ ಫೋನಿನವನು ಅಂದು ಸಂಜೆ ಮತ್ತೆ ಎರಡು ಸಲ ಕರೆ ಮಾಡಿದ. ನಾನು ಎತ್ತಲಿಲ್ಲ. ಆಮೇಲೆ ಫೋನು ಸುಮ್ಮನಾಯಿತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮಜ್ಜಿಗೆ ಬಡಿಸುತ್ತಾ ಕೇಳಿದಳು: "ಆಗೋದಿಲ್ಲ ಅಂದ ಮೇಲೆ ಅವನು ಎಂತ ಮಾಡಿದ?"

"ಎಂತದೂ ಮಾಡಲಿಲ್ಲ" ಎಂದೆ.

ಅವಳು ನನ್ನ ಮುಖ ನೋಡಿದಳು. ಅವಳ ಹಳೆಯ ಪ್ರಶ್ನೆಗೂ ಅದೇ ಉತ್ತರ ಎಂದು ಇಬ್ಬರಿಗೂ ಗೊತ್ತಾಯಿತು.